ಮುಂಜಾನೆಯೊಳಗಿನ ಸೊನ್ನೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಗೆದ ಚಾದರ ಪೇರಿಸಿಡುವ ಕೋಣೆಗೂ ನೀರಿನ ಪಂಪಿಗೂ ನಡುವೆ ಸಿಕ್ಕಿಕೊಂಡ ಪುಟ್ಟ ಕೋಣೆಯಲ್ಲಿ, ಸರ್ವರ್ ಅಕ್ಕ ಎರಡೂ ಅಂಗೈಗಳನ್ನು ತೊಡೆಯಡಿಗೆ ಒತ್ತಿಕೊಂಡು ಕೂತಿದ್ದಾರೆ. ಚಳಿಗಲ್ಲ. ಕೈ ನಡುಗುವುದು ಕೀಲಿಮಣೆಗೆ ಗೊತ್ತಾಗಬಾರದಂತೆ. ಪರದೆಯ ಮೇಲೆ ಪಟ್ಟಿ ಮೂಡುತ್ತದೆ. ಎಣಿಸುತ್ತಾರೆ. ಮತ್ತೆ ಎಣಿಸುತ್ತಾರೆ. ಮೂರನೇ ಸಲ ಗಾಜಿನ ಮೇಲೆ ಬೆರಳಿಟ್ಟು ಎಣಿಸುತ್ತಾರೆ. ಎಂಟು.

ಒಂಬತ್ತು ಇರಬೇಕು.

ಮೇಲಿನ ಮಹಡಿಯಲ್ಲಿ ಡಯಾಲಿಸಿಸ್ ವಾರ್ಡು. ಕಿಡ್ನಿ ಕೈಕೊಟ್ಟವರ ರಕ್ತ ತೊಳೆಯುವ ಒಂಬತ್ತು ಯಂತ್ರ, ದಿನಕ್ಕೆ ಮೂರು ಪಾಳಿ, ಒಬ್ಬೊಬ್ಬರಿಗೆ ನಾಲ್ಕು ಗಂಟೆ. ಯಾರು ಯಾವ ಪಾಳಿ ಎಂದು ಹೇಳುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ವೆಬ್‌ಸೈಟು. ಅದು ಹೊರಡಿಸುವ ಪಟ್ಟಿ ಐದೂ ನಲವತ್ತಕ್ಕೆ ವ್ಯಾನ್ ಚಾಲಕನ ಮೊಬೈಲಿಗೆ ಹೋಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರ ಮನೆ ಮುಂದೆ ವ್ಯಾನು ನಿಲ್ಲುತ್ತದೆ. ಹೆಸರಿಲ್ಲದವರ ಮನೆ ಮುಂದೆ ನಿಲ್ಲುವುದಿಲ್ಲ. ಅಷ್ಟೇ ಕಥೆ. ಆ ‘ಅಷ್ಟೇ’ ಎನ್ನುವುದಕ್ಕೆ ಹೆದರಿಯೇ ಅಕ್ಕ ನಾಲ್ಕು ವರ್ಷದಿಂದ ಬೆಳಗಿನ ನಿದ್ದೆ ಬಿಟ್ಟಿದ್ದಾರೆ.

ಇಷ್ಟು ದಿನ ಮುಂಜಾನೆ ಪಾಳಿಯಲ್ಲಿ ಎಂಟೇ ಜನ. ಆದರೆ ನಿನ್ನೆ ಲಿಫ್ಟಿನಲ್ಲಿ ಸಿಕ್ಕ ಡಾಕ್ಟರು, “ನಾಳೆಯಿಂದ ಒಂಬತ್ತೂ ಫುಲ್ ಕಣಮ್ಮ, ಹೌಸ್‌ಫುಲ್ ಬೋರ್ಡ್ ಹಾಕ್ಬಿಡಿ” ಎಂದು ನಕ್ಕು ಎರಡನೇ ಮಹಡಿಯಲ್ಲಿ ಇಳಿದುಹೋಗಿದ್ದರು. ಅದು ಕಿವಿಗೆ ಬೀಳದೇ ಹೋಗಿದ್ದರೆ ಈ ಹೊತ್ತಿನಲ್ಲಿ ಎಂಟು ಎಂಬುದು ಸರಿಯಾದ ಲೆಕ್ಕವಾಗಿಯೇ ಕಾಣುತ್ತಿತ್ತು.

ವಾರ್ಡಿನಲ್ಲಿ ಆಗಲೇ ಬೆಳಗಿನ ಡ್ಯೂಟಿ ಶುರು ಮಾಡಿರುವ ಸಿಸ್ಟರ್‌ಗೆ ಫೋನ್ ಮಾಡುತ್ತಾರೆ.

“ಸಿಸ್ಟರ್, ಒಂಬತ್ತನೇ ಹಾಸಿಗೆಗೆ ಯಾರು ಬರ್ಬೇಕು ಇವತ್ತು?”

“ಯಾರೂ ಇಲ್ವಲ್ಲ. ನನ್ ಸ್ಕ್ರೀನಲ್ಲಿ ಎಂಟೇ ಇದೆ.”

“ಸ್ಕ್ರೀನ್ ಬಿಡಿ. ನಿಮ್ಗೆ ಏನ್ ಗೊತ್ತು?”

“ನಂಗೆ ಸ್ಕ್ರೀನಲ್ಲಿ ಇರೋದೇ ಗೊತ್ತಿರೋದು ಅಕ್ಕ. ನೀವೇ ತಾನೇ ಚೀಟಿ ಬರೀಬೇಡಿ, ಎಲ್ಲಾ ಕಂಪ್ಯೂಟರ್‌ನಲ್ಲೇ ಇರುತ್ತೆ ಅಂದಿದ್ದು?”

ಹೌದು, ಹೇಳಿದ್ದು ಇವರೇ. ಫೋನ್ ಇಡುತ್ತಾರೆ. ಡಾಕ್ಟರಿಗೆ ಮಾಡಿದರೆ ಸ್ವಿಚ್ ಆಫ್.

ಸರ್ವರ್ ಅಕ್ಕ ಎಂಬುದು, ಸೈಟು ಓಡುವ ಸರ್ವರ್ ಕಂಪ್ಯೂಟರನ್ನು ನೋಡಿಕೊಳ್ಳುವವರೆಂದು ವಾರ್ಡಿನವರು ಇಟ್ಟ ಹೆಸರು. ಅದನ್ನು ಕೇಳಿಸಿಕೊಂಡ ರೋಗಿಗಳ ಕಡೆಯವರು, ಈಯಮ್ಮ ಕ್ಯಾಂಟೀನಿನಲ್ಲಿ ಬಡಿಸುವವರು ಎಂದುಕೊಂಡು, “ಅಕ್ಕ, ಎರಡು ಟೀ, ಒಂದಕ್ಕೆ ಸಕ್ಕರೆ ಬೇಡ” ಎಂದದ್ದುಂಟು. ಅಕ್ಕ ತಂದುಕೊಟ್ಟದ್ದೂ ಉಂಟು. “ಟೀ ಕೊಟ್ರೆ ಕುಡೀತಾರೆ, ಮುಗೀತು. ಅದ್ರಲ್ಲಿ ಬಗ್ ಇರಲ್ಲ,” ಎನ್ನುತ್ತಾರೆ.

ವಯಸ್ಸು ನಲವತ್ತಾರು. ಮೊದಲ ಹನ್ನೊಂದು ವರ್ಷ ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಎಣಿಸುವ ಕೆಲಸ. ಆಮೇಲೆ ರೋಗಿಗಳ ವಿವರ ಕಂಪ್ಯೂಟರಿಗೆ ತುಂಬುವ ಕೆಲಸ. ವೆಬ್‌ಸೈಟು ಕಟ್ಟಿಕೊಟ್ಟ ಕಂಪನಿಯವರು ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು ಹೋದವರು ಮತ್ತೆ ಫ್ರೇಮಿಗೆ ಬರಲೇ ಇಲ್ಲ. ಎರಡನೇ ತಿಂಗಳಿಗೆ ಸೈಟು ಮಲಗಿತು. ಎಲ್ಲರೂ ಪರದೆಯ ಸುತ್ತ ನಿಂತು ಅಪಘಾತ ನೋಡಿದಂತೆ ನೋಡುತ್ತಿದ್ದಾಗ, ಇವರೊಬ್ಬರೇ ಅಲ್ಲಿ ಬಂದಿದ್ದ ಎರರ್ ಸಾಲನ್ನು ಕೊನೆಯವರೆಗೆ ಓದಿದರು. ಯಾವುದೋ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಪ್ರೋಗ್ರಾಮಿನ ಕಂತೆ, ಇಲ್ಲ ಎಂದು ಅದು ಅಂಗಲಾಚುತ್ತಿತ್ತು. ಕಟ್ಟಿದವನ ಲ್ಯಾಪ್‌ಟಾಪಿನಲ್ಲಿ ಇತ್ತು, ಸರ್ವರ್‌ನಲ್ಲಿ ಇರಲಿಲ್ಲ, ಬೇಕಾದವುಗಳ ಪಟ್ಟಿಯಲ್ಲಿ ಬರೆಯುವುದನ್ನು ಅವನು ಮರೆತಿದ್ದ. “ಓದಿದ್ದೇ ತಪ್ಪಾಯ್ತು ನೋಡಿ. ಓದೋಳು ಅಂತ ಗೊತ್ತಾಗಿ ನನ್ ತಲೆಗೇ ಕಟ್ಟಿದ್ರು,” ಎಂದು ನಗುತ್ತಾರೆ. ಪೈಥಾನ್ ಕಲಿತದ್ದು ಆಮೇಲೆ, ಮಗಳ ಪಕ್ಕ ಕೂತು, ಮಗಳ ಬೈಗುಳ ತಿನ್ನುತ್ತ.

ಕಾಯಿಲೆಗಳಿಗೆಲ್ಲ ಅವರು ಹೆಸರಿಟ್ಟಿದ್ದಾರೆ. ಪೇಜು ಬಣ್ಣ, ಆಕಾರ ಎಲ್ಲ ಕಳೆದುಕೊಂಡು ಬರೀ ಅಕ್ಷರವಾಗಿ ನಿಂತರೆ ಅದು ‘ಬಟ್ಟೆ ಬಿಚ್ಚಿದ ಪೇಜು’. ಸ್ಟೈಲ್ ಫೈಲುಗಳು ಸರಿಯಾದ ಫೋಲ್ಡರಿಗೆ ಹೋಗಿಲ್ಲ ಎಂದರ್ಥ. 502 ಎಂಬ ಎರರ್ ಬಂದರೆ ‘ಅಂಗಡಿ ಬಾಗಿಲು ತೆಗೆದಿದೆ, ಒಳಗೆ ಯಾರೂ ಇಲ್ಲ’. ಹಳೆಯ ಪ್ರೋಗ್ರಾಮು ಸಾಯದೆ, ಹೊಸದು ಕೂರಬೇಕಾದ ಪೋರ್ಟ್ ಹಿಡಿದುಕೊಂಡಿದ್ದರೆ ‘ಸೀಟಿಗೆ ಕರ್ಚೀಫು’. ಸರ್ವರ್‌ನ ಗಡಿಯಾರ ಬೇರೆ ದೇಶದ ಟೈಮಿನಲ್ಲಿ ಓಡಿ, ಇವತ್ತಿನ ರೋಗಿಗಳನ್ನು ನಿನ್ನೆಗೆ ತಳ್ಳಿದ್ದೂ ಒಮ್ಮೆ ಆಗಿದೆ. ಅದಕ್ಕೆ ಹೆಸರಿಟ್ಟಿಲ್ಲ. ಈಗಲೂ ದಿನಾ ಮೊದಲು ನೋಡುವುದು ಆ ಗಡಿಯಾರವನ್ನೇ.

“ಎರರ್ ಬಂದ್ರೆ ನಂಗೆ ಧೈರ್ಯ. ವಿಲನ್ನು ಮುಂದೇನೇ ನಿಂತು ಡೈಲಾಗ್ ಹೊಡೀತಾನೆ, ಹೊಡೆದಾಡ್ಬೋದು. ಎಲ್ಲಾ ಹಸಿರಾಗಿದೆ, ಏನೂ ಕೆಟ್ಟಿಲ್ಲ, ಆದ್ರೂ ಸರಿಯಿಲ್ಲ ಅಂದ್ರೆ ಇದ್ಯಲ್ಲ, ಆಗ ಕೈಕಾಲು ತಣ್ಣಗಾಗುತ್ತೆ.”

ಇವತ್ತು ಎಲ್ಲವೂ ಹಸಿರಾಗಿದೆ.

ಐದೂ ಹದಿನೆಂಟು. ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ತೆರೆದು ಓದುತ್ತಾರೆ. ಒಂದೇ ಒಂದು ಕೆಂಪು ಸಾಲಿಲ್ಲ. ಸೈಟು ಎದ್ದಿದೆ, ಡೇಟಾಬೇಸು ಮಾತಾಡುತ್ತಿದೆ, ಡಿಸ್ಕಿನಲ್ಲಿ ಜಾಗವಿದೆ. ಆಗ ಅಕ್ಕನಿಗೆ ನೆನಪಾಗುತ್ತದೆ: ನಿನ್ನೆ ಸಂಜೆ ಹೊಸ ಆವೃತ್ತಿ ಹಾಕಿದ್ದು ತಾವೇ. ಒಂದು ಬಟನ್ನಿನ ಬಣ್ಣ ಬದಲಿಸಲು ಹೋಗಿ ಒಬ್ಬ ಮನುಷ್ಯನನ್ನೇ ಅಳಿಸಿಬಿಟ್ಟೆನೇ? ಹಳೆಯ ಆವೃತ್ತಿಗೆ ಹಿಂದಿರುಗಿಸಿ, ಸರ್ವರ್ ಮತ್ತೆ ಶುರು ಮಾಡುತ್ತಾರೆ. ಹನ್ನೆರಡು ಸೆಕೆಂಡು. ಪಟ್ಟಿ ಬರುತ್ತದೆ.

ಎಂಟು.

“ತಪ್ಪು ನಂದೇ ಆಗಿದ್ರೆ ಚೆನ್ನಾಗಿತ್ತು,” ಎಂದು ಆಮೇಲೆ ಹೇಳುತ್ತಾರೆ. “ನನ್ ತಪ್ಪು ಎಲ್ಲಿರುತ್ತೆ ಅಂತ ನಂಗ್ ಗೊತ್ತು. ಬೇರೆ ಎಲ್ಲೋ ಇದೆ ಅಂದ್ರೆ ಎಲ್ಲಿ ಅಂತ ಹುಡುಕ್ಲಿ? ಟೈಮ್ ಓಡ್ತಾ ಇದೆ, ಅಲ್ಲಿ ಯಾರೋ ಕಾಯ್ತಾ ಇದಾರೆ.”

ಕೋಣೆಯ ಬಾಗಿಲಲ್ಲಿ ವ್ಯಾನ್ ಚಾಲಕ ಕಾಣಿಸಿಕೊಳ್ಳುತ್ತಾನೆ. ಪಟ್ಟಿ ಬರುವ ಮುಂಚೆಯೇ ಕೀಲಿ ಕುಣಿಸುತ್ತ ಬರುವವನು. “ಏನಕ್ಕ, ಇನ್ನೂ ಟೈಟಲ್ ಕಾರ್ಡೇ ಓಡ್ತಿದ್ಯಾ? ಒಂದ್ಸಲ ಸ್ಟೇರಿಂಗ್ ಹಿಡಿದ್ರೆ ಈ ಗಂಡಿಗೆ ರಿವರ್ಸ್ ಗೇರ್ ಇಲ್ಲ, ನೋಡ್ತಾ ಇರಿ...” ಅಕ್ಕನ ಮುಖ ನೋಡಿದ ಮೇಲೆ ಉಳಿದ ಡೈಲಾಗು ಗಂಟಲಲ್ಲೇ ಉಳಿಯುತ್ತದೆ. “ಏನಾಯ್ತಕ್ಕ?”

“ಒಬ್ರು ಕಳೆದೋಗಿದಾರೆ.”

“ವಾರ್ಡಿಂದಾನಾ?”

“ಕಂಪ್ಯೂಟರಿಂದ.”

ಐದೂ ಇಪ್ಪತ್ತೆಂಟು. ವೆಬ್‌ಸೈಟನ್ನು ಪಕ್ಕಕ್ಕಿಟ್ಟು ಅಕ್ಕ ನೇರವಾಗಿ ಡೇಟಾಬೇಸಿಗೆ ಇಳಿಯುತ್ತಾರೆ. ಕಳೆದ ಎರಡು ದಿನದಲ್ಲಿ ಬದಲಾದ ಸಾಲು ಯಾವುದು ಎಂದು ಕೇಳುತ್ತಾರೆ. ಒಂದೇ ಒಂದು ಬರುತ್ತದೆ: ದರ್ಜಿ ತಾತ ಎಂದು ವಾರ್ಡಿನವರೆಲ್ಲ ಕರೆಯುವ, ತನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುವ ಎಪ್ಪತ್ತೊಂದು ವರ್ಷದವರ ಸಾಲು. ಪಾಳಿಯ ಜಾಗದಲ್ಲಿ ಸ್ಪಷ್ಟವಾಗಿ ‘ಮುಂಜಾನೆ’ ಎಂದಿದೆ. ಅಕ್ಕನ ಕಣ್ಣಿಗೆ ಕಾಣುತ್ತಿದೆ. ಹೆಗಲ ಮೇಲಿಂದ ಬಗ್ಗಿದ ಚಾಲಕನ ಕಣ್ಣಿಗೂ ಕಾಣುತ್ತಿದೆ. ಆದರೆ ಮುಂಜಾನೆ ಪಾಳಿಯವರು ಯಾರು ಎಂದು ಕೇಳಿದರೆ ಯಂತ್ರ ಈ ಸಾಲನ್ನು ಮುಟ್ಟುವುದೇ ಇಲ್ಲ.

“ದೆವ್ವ ಇದ್ದಂಗಿದೆ ಕಣಕ್ಕ. ಕಾಣುತ್ತೆ, ಸಿಗಲ್ಲ.”

“ಸುಮ್ನಿರೋ. ನೀನು ಮೊದ್ಲು ಅಲ್ಲಿಗೆ ಹೋಗು. ಉಳಿದೋರನ್ನ ಆಮೇಲೆ ಹತ್ತಿಸ್ಕೊ. ಓಡು.”

ಅವನು ನಿಜಕ್ಕೂ ಓಡುತ್ತಾನೆ. ಅಕ್ಕ ತಾತನ ನಂಬರಿಗೆ ಫೋನ್ ಮಾಡುತ್ತಾರೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಸಿಸ್ಟರ್‌ಗೆ ಮಾಡುತ್ತಾರೆ. ಹೆಸರು ಕೇಳುತ್ತಲೇ ಸಿಸ್ಟರ್ ದನಿ ಬದಲಾಗುತ್ತದೆ. “ಅಯ್ಯೋ, ಅವ್ರಾ? ವಾರಕ್ಕೆ ಎರಡು ಸಲ ಸಾಕಾಗ್ತಿಲ್ಲ ಅಂತ ಹೋದ ವಾರ ಮೂರನೇದು ಸೇರ್ಸಿದ್ರು, ಸಂಜೆ ಪಾಳಿಗೆ. ಅದಕ್ಕೆ ಬರ್ಲೇ ಇಲ್ಲ. ವ್ಯಾನ್ ಬರ್ಲಿಲ್ಲ ಅಂತ ಸುಳ್ಳು ಬೇರೆ. ಚೆನ್ನಾಗ್ ಬೈದಿದೀನಿ. ಅದಕ್ಕೇ ಡಾಕ್ಟ್ರು ಬೆಳಗ್ಗೆಗೆ ಹಾಕಿರ್ಬೇಕು. ಅಕ್ಕ, ಮೊನ್ನೆ ಬಂದಾಗ್ಲೇ ಕಾಲು ಊದಿತ್ತು, ಉಸಿರಿಗೆ ಒದ್ದಾಡ್ತಿದ್ರು. ಇವತ್ತೂ ತಪ್ಪಿದ್ರೆ...”

ಅಕ್ಕ ಫೋನ್ ಇಟ್ಟು ಗಡಿಯಾರ ನೋಡುತ್ತಾರೆ.

ಚಾಲಕ ಅಂಗಡಿ ತಲುಪುವವರೆಗೆ ಹದಿನಾಲ್ಕು ನಿಮಿಷ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಅಕ್ಕ ತಾತನ ಸಾಲಿನ ‘ಮುಂಜಾನೆ’ ಪದವನ್ನು ಪೈಥಾನಿಗೆ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೆಸರು ಹೇಳು ಎನ್ನುತ್ತಾರೆ. ಚಾದರ ಎಣಿಸಿದ ಕೈ ಅದು, ಮಡಿಕೆ ಬಿಚ್ಚಿ ನೋಡದೆ ನಂಬುವುದಿಲ್ಲ. ಮ ಸರಿ. ಉಕಾರದ ಕೊಂಬು ಸರಿ. ಮೂರನೆಯದು ಅನುಸ್ವಾರ ಆಗಿರಬೇಕಿತ್ತು. ಅಲ್ಲ. ಅದೊಂದು ಅಂಕಿ. ಕನ್ನಡದ ಸೊನ್ನೆ. ಒಂದು, ಎರಡು ಬರೆಯುವ ಮೊದಲು ಬರುವ ಸೊನ್ನೆ.

ನೋಡಲು ಅದೇ ದುಂಡು, ಕರೆಯುವ ಹೆಸರೂ ಅದೇ. ಅಕ್ಷರದ ಪಕ್ಕ ಕೂತರೂ ಸೊನ್ನೆ, ಲೆಕ್ಕದಲ್ಲಿ ಕೂತರೂ ಸೊನ್ನೆ. ಮನುಷ್ಯರ ಕಣ್ಣು ಎರಡನ್ನೂ ಒಂದೇ ಎಂದು ಓದಿ ಮುಂದೆ ಹೋಗುತ್ತದೆ. ಯಂತ್ರಕ್ಕೆ ಮಾತ್ರ ಅದು ಮುಂಜಾನೆಯಲ್ಲ, ನಡುವೆ ಅಂಕಿ ಸಿಕ್ಕಿಸಿಕೊಂಡ ಯಾವುದೋ ಗುರುತಿಲ್ಲದ ಪದ. ಅದು ಎರರ್ ಎಂದು ಕೂಗಲೂ ಇಲ್ಲ. ಸುಮ್ಮನೆ ಒಬ್ಬ ಮುದುಕನನ್ನು ಪಟ್ಟಿಯಿಂದ ಹೊರಗಿಟ್ಟಿತು.

ಬೆವರು ಒರೆಸಿಕೊಂಡು ಅಕ್ಕ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಪಾಳಿಯ ಜಾಗದಲ್ಲಿ ಅಂಕಿ ಇರುವ ಸಾಲು ಇನ್ನೆಷ್ಟು? ಮೂರು. ಒಂದು ಇದು. ಇನ್ನೊಂದು ನಾಳೆ ಸಂಜೆ ಬರಬೇಕಾದ ಒಬ್ಬ ಹೆಂಗಸಿನದು. ಮೂರನೆಯದು ಹೋದ ವಾರದ್ದು, ದರ್ಜಿ ತಾತನದೇ. ಪಾಳಿ: ಸ, ಆಮೇಲೆ ಅಂಕಿಯ ಸೊನ್ನೆ, ಆಮೇಲೆ ಜೆ.

ತಾತ ಸುಳ್ಳು ಹೇಳಿರಲಿಲ್ಲ. ವ್ಯಾನು ನಿಜಕ್ಕೂ ಹೋಗಿರಲಿಲ್ಲ.

ಐದೂ ನಲವತ್ತೈದಕ್ಕೆ ಫೋನ್ ಬಡಿದುಕೊಳ್ಳುತ್ತದೆ. “ಅಕ್ಕ, ಶಟರ್ ಅರ್ಧ ಇಳಿದಿದೆ. ಕೂಗಿದ್ರೂ ಸದ್ದಿಲ್ಲ.” ಅಕ್ಕ ಎದ್ದು ನಿಲ್ಲುತ್ತಾರೆ. ನಿಂತು ಮಾಡುವುದೇನೂ ಇಲ್ಲ, ಆದರೂ ನಿಲ್ಲುತ್ತಾರೆ. ತಗಡು ಮೇಲೆತ್ತುವ ಕಿರುಗುಡುವಿಕೆ. ಉಸಿರು. ಹೆಜ್ಜೆ. ಯಾವ ಡೈಲಾಗೂ ಇಲ್ಲ. ನೀರಿನ ಪಂಪು ಗೊರಗೊರ ಎನ್ನುವುದಷ್ಟೇ ಕೇಳುತ್ತದೆ.

“ಸಿಕ್ಕಿದ್ರು. ಹೊಲಿಗೆ ಮಿಷಿನ್ ಮುಂದೇನೇ ಕೂತವ್ರೆ ಅಕ್ಕ. ಚಪ್ಪಲಿ ಹಾಕ್ಕೊಂಡು, ಕೈಯಲ್ಲಿ ಆಸ್ಪತ್ರೆ ಕಾರ್ಡ್ ಹಿಡ್ಕೊಂಡು. ಮಾತು ಬರ್ತಿಲ್ಲ, ಮೇಲುಸಿರು. ಎತ್ಕೊಂಡ್ ಬರ್ತಿದೀನಿ.”

ಆರೂ ಐದಕ್ಕೆ ವ್ಯಾನು ನೇರ ತುರ್ತು ಚಿಕಿತ್ಸೆಯ ಬಾಗಿಲಿಗೆ ಬರುತ್ತದೆ. ಆರೂ ನಲವತ್ತಕ್ಕೆ ಮೂಗಿಗೆ ಆಮ್ಲಜನಕದ ಕೊಳವೆಯೊಂದಿಗೆ ತಾತ ಒಂಬತ್ತನೇ ಹಾಸಿಗೆಯಲ್ಲಿದ್ದಾರೆ. ಉಳಿದ ಎಂಟು ಜನ ತಡವಾಗಿ ಬಂದು, ತಡವಾದದ್ದಕ್ಕೆ ಬೈದು, ತಮ್ಮ ತಮ್ಮ ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತಾರೆ. ಯಾರೂ ಅಕ್ಕನ ಕಡೆ ನೋಡುವುದಿಲ್ಲ. ಒಬ್ಬರು ಟೀ ಕೇಳುತ್ತಾರೆ.

ಎಂಟು ಗಂಟೆಗೆ ಕೌಂಟರ್ ಮಾವ ಬರುತ್ತಾರೆ. ನಿವೃತ್ತಿಗೆ ಏಳು ತಿಂಗಳಿರುವ ಗುಮಾಸ್ತರು. ಮೂವತ್ತು ವರ್ಷ ಟೈಪ್‌ರೈಟರ್ ಬಡಿದು, ಹತ್ತು ದಿನದ ಹಿಂದಷ್ಟೇ ಕಂಪ್ಯೂಟರಿಗೆ ಬಂದು ರೋಗಿಗಳ ಪಾಳಿ ತುಂಬುತ್ತಿರುವವರು. ಅವರ ಹಳೆಯ ಯಂತ್ರದಲ್ಲಿ ಎರಡು ಸೊನ್ನೆಗೂ ಒಂದೇ ಕೀಲಿ ಇತ್ತು.

“ಸೊನ್ನೆ ಅಂದ್ರೆ ಸೊನ್ನೆ ತಾನೇ ಅಮ್ಮಾ? ಸೊನ್ನೇಲೂ ದೊಡ್ಡೋರು ಚಿಕ್ಕೋರು ಅಂತ ಇದ್ಯಾ?” ಎಂದು ಕೇಳಿದವರು, ಸಂಗತಿ ತಿಳಿದ ಮೇಲೆ ಕನ್ನಡಕ ತೆಗೆಯುತ್ತಾರೆ. ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ. “ನಾನು ಇನ್ನು ಮುಟ್ಟಲ್ಲಮ್ಮ ಇದನ್ನ.”

“ಮುಟ್ಟಿ ಮಾವ. ತಪ್ಪು ನಿಮ್ದಲ್ಲ. ಮೂರೇ ಪದ ಇರೋ ಜಾಗದಲ್ಲಿ ಏನ್ ಬೇಕಾದ್ರೂ ಟೈಪ್ ಮಾಡಿ ಅಂತ ಬಿಟ್ಟೋಳು ನಾನು. ಆರಿಸ್ಕೊಳ್ಳೋ ಹಂಗೆ ಮಾಡ್ಬೇಕಿತ್ತು. ನಾಳೆ ಮಾಡ್ತೀನಿ, ನಾಡಿದ್ದು ಮಾಡ್ತೀನಿ ಅಂತ ನಾಲ್ಕು ವರ್ಷ ಮಾಡ್ದೆ.”

ಒಂಬತ್ತರ ಹೊತ್ತಿಗೆ ತಾತನ ಉಸಿರು ಹದಕ್ಕೆ ಬಂದಿದೆ. ಅಕ್ಕ ಹಾಸಿಗೆಯ ಪಕ್ಕ ಹೋಗಿ ನಿಲ್ಲುತ್ತಾರೆ. ಈ ನಾಲ್ಕು ವರ್ಷದಲ್ಲಿ ಪಟ್ಟಿಯಲ್ಲಿರುವ ಯಾರೊಬ್ಬರ ಪಕ್ಕದಲ್ಲೂ ಅವರು ಹೀಗೆ ನಿಂತವರಲ್ಲ.

“ತಾತ, ಹೋದ ವಾರ ವ್ಯಾನ್ ಬರ್ಲಿಲ್ಲ ಅಂದ್ರಂತಲ್ಲ. ನಿಜ ಅದು. ಕಂಪ್ಯೂಟರ್‌ನಲ್ಲಿ ತಪ್ಪಾಗಿತ್ತು. ಅದನ್ನ ನೋಡ್ಕೊಳ್ಳೋಳು ನಾನೇ.”

ತಾತ ಮೂಗಿನ ಕೊಳವೆಯನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಾರೆ. “ಬಾಗ್ಲಲ್ಲೇ ಕೂತಿದ್ದೆ ಕಣಮ್ಮ ಅವತ್ತು. ದೀಪ ಹಚ್ಚೋ ಹೊತ್ತಿನಿಂದ. ಆಮೇಲೆ ನಂಗೇ ಅನುಮಾನ ಬಂತು, ನಾನೇ ದಿನ ತಪ್ಪು ಲೆಕ್ಕ ಹಾಕಿದ್ನೇನೋ ಅಂತ. ಇವ್ರೆಲ್ಲಾ ಅಷ್ಟು ಗಟ್ಟಿಯಾಗಿ ಹೇಳ್ತಿದ್ರಲ್ಲ.”

ಸಿಸ್ಟರ್ ತಲೆ ತಗ್ಗಿಸಿ ಅವರ ಕಾರ್ಡ್ ತೆಗೆಯುತ್ತಾರೆ. ‘ಗೈರು’ ಎಂದಿದ್ದನ್ನು ಹೊಡೆದುಹಾಕಿ, ‘ವ್ಯಾನ್ ಕಳುಹಿಸಿರಲಿಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಪಾಳಿಯ ಜಾಗದಲ್ಲಿ ಟೈಪ್ ಮಾಡುವ ಹಾಗಿಲ್ಲ, ಮೂರರಲ್ಲಿ ಒಂದನ್ನು ಆರಿಸಬೇಕು. ಅದಷ್ಟೇ ಸಾಲದೆಂದು ಅಕ್ಕ ಇನ್ನೊಂದು ಕೆಲಸ ಮಾಡಿದ್ದಾರೆ. ಯಾರೊಬ್ಬರ ಸಾಲು ಯಾವ ಪಾಳಿಗೂ ಸೇರದೆ ಉಳಿದರೆ ಪಟ್ಟಿ ಸದ್ದಿಲ್ಲದೆ ಹೊರಡುವುದಿಲ್ಲ, ಕೌಂಟರಿನಲ್ಲೂ ವಾರ್ಡಿನಲ್ಲೂ ಚಾಲಕನ ಮೊಬೈಲಿನಲ್ಲೂ ಒಟ್ಟಿಗೆ ಗಂಟೆ ಹೊಡೆಯುತ್ತದೆ. ಪರೀಕ್ಷಿಸಲೆಂದು ಪಾಳಿಯೇ ಇಲ್ಲದ ಒಂದು ಸುಳ್ಳು ಹೆಸರು ಸೇರಿಸಿ, ಅಂಗೈಗಳನ್ನು ತೊಡೆಯಡಿಯಿಂದ ತೆಗೆದು, ಕೀಲಿ ಒತ್ತುತ್ತಾರೆ.

ಕಟ್ಟಡವೇ ಬೆಚ್ಚಿಬೀಳುವಂತೆ ಗಂಟೆ ಬಡಿಯುತ್ತದೆ. ಮಾವನ ಕನ್ನಡಕ ನೆಲಕ್ಕೆ ಬೀಳುತ್ತದೆ. ಸಿಸ್ಟರ್ ಎದೆ ಹಿಡಿದುಕೊಂಡು ಮೆಟ್ಟಿಲಿಳಿದು ಬರುತ್ತಾರೆ, ಹಿಂದೆಯೇ ಊಟದ ಕೈಯಲ್ಲಿ ಚಾಲಕ. “ಏನಕ್ಕ ಇದು, ಜೀವ ಬಾಯಿಗೆ ಬಂತು! ಸೌಂಡ್ ಸ್ವಲ್ಪ ಕಮ್ಮಿ ಮಾಡ್ಬಾರ್ದಾ?”

“ಮಾಡಲ್ಲ,” ಎನ್ನುತ್ತಾರೆ ಅಕ್ಕ. “ಎಲ್ರೂ ಸ್ವಲ್ಪ ಸ್ವಲ್ಪ ಹೆದ್ರಿ. ನಾನೊಬ್ಳೇ ಎಷ್ಟು ಅಂತ ಹೆದರ್ಲಿ?”