ಭಾವನ ಜೊತೆಗೆ ಹೋದದ್ದು

ಕುಡಿತ ಬಿಟ್ಟ ನಾಲ್ಕಾರು ಜನ ಭಾನುವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ ಅಂತ ನಮ್ಮ ಡಾಕ್ಟರು ಹೇಳಿದ್ದರು. ಅರವತ್ತರ ದಶಕದ ಮಾತು. ಅಕ್ಕನ ಗೋಳು ನೋಡಲಾರದೆ ಭಾವನನ್ನು ಹೇಗೋ ಹೊರಡಿಸಿದೆ. ಕಚೇರಿ ಗುಮಾಸ್ತರಾದ ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ನಾನು ಮಾರುಕಟ್ಟೆಯ ಮೆಣಸಿನಕಾಯಿ ಅಂಗಡಿಯ ಕೆಲಸದಿಂದ ನೇರ ಹೋಗಿದ್ದೆ, ಘಾಟಿಗೆ ಕಣ್ಣು ಕೆಂಪಗಾಗಿತ್ತು.

ಬಾಗಿಲಲ್ಲಿದ್ದ ಹಿರಿಯರು ನನ್ನ ಕೈ ಹಿಡಿದು, "ಬಾಪ್ಪ, ಸಂಕೋಚ ಬೇಡ. ಇಲ್ಲಿರೋರೆಲ್ಲ ನಿನ್ನಂಗೇ ಕುಡೀತಿದ್ದೋರು" ಅಂದರು.

ಭಾವನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಅವರ ಮಾನ ಕಳೆಯಲು ಮನಸ್ಸಾಗದೆ ಒಳಗೆ ಹೋಗಿ ಕೂತೆ.

ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿದರು. ಅಪ್ಪನ ತಿಥಿಯ ದಿನವೂ ಕುಡಿದು ಬಿದ್ದಿದ್ದವರೊಬ್ಬರು ಹೇಳುತ್ತಲೇ ಅತ್ತುಬಿಟ್ಟರು. ಆಮೇಲೆ ಹಿರಿಯರು, "ಈಗ ನೀನು ಹೇಳಪ್ಪ" ಅಂತ ನನ್ನತ್ತ ತಿರುಗಿದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಭಾವ ನನ್ನ ಭುಜ ಅದುಮಿ ಕೂರಿಸಿದರು.

"ಅವನಲ್ಲ ಕಣ್ರೀ," ಅಂದರು. "ಕುಡಿಯೋನು ನಾನು."

ಆ ಮಾತನ್ನು ಅವರು ಮನೆಯಲ್ಲಿ ಒಮ್ಮೆಯೂ ಒಪ್ಪಿದವರಲ್ಲ. ಆಮೇಲೆ ಒಂದೆರಡು ಸಲ ಎಡವಿದರೂ ಭಾನುವಾರ ತಪ್ಪಿಸಲಿಲ್ಲ, ಕೊನೆಗೆ ಬಿಟ್ಟೇಬಿಟ್ಟರು.

ಆವತ್ತು ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಅಕ್ಕ ಬಿಕ್ಕಿಬಿಕ್ಕಿ ಅತ್ತಳು. ನನಗೆ ಹೆಣ್ಣು ಹುಡುಕುತ್ತಿದ್ದವಳೂ ಅವಳೇ. ಕಣ್ಣೊರೆಸಿಕೊಂಡು, "ಅಲ್ಲಿ ಹೆಣ್ಣು ಹೆತ್ತೋರು ಯಾರೂ ಇರ್ಲಿಲ್ಲ ತಾನೇ?" ಅಂದಳು.