ಕೈ ಹಿಂದೆ ಕಟ್ಟಿಕೊಂಡ ದುರ್ಗಾದೇವಿ

ಗಿಣಿಗೇರಾದ ಕಾರ್ಖಾನೆಗಳಿಂದ ರಾತ್ರಿ ಪಾಳಿಯವರು ಇನ್ನೂ ಮನೆಗೆ ಮರಳಿಲ್ಲ. ಸರ್ಕಾರಿ ಶಾಲೆಯ ಅಡುಗೆಕೋಣೆಯಲ್ಲಿ ಬಿಸಿಯೂಟ ಮಾಡುವ ದುರ್ಗಾದೇವಿ ಆಗಲೇ ಪಾತ್ರೆ ತಿಕ್ಕುತ್ತಿದ್ದಾರೆ. ಎಲ್ಲ ತೊಳೆದು ಬೋರಲು ಹಾಕಿದ ಮೇಲೆ ಒಂದು ಸಣ್ಣ ಸ್ಟೀಲ್ ಮುಚ್ಚಳವನ್ನು ಮಾತ್ರ ಸೆರಗಿನಿಂದ ಒರೆಸಿ ಕಿಟಕಿಯಲ್ಲಿಡುತ್ತಾರೆ. ಅದು ಯಾವ ಪಾತ್ರೆಯದೂ ಅಲ್ಲ, ಒಂದನೇ ತರಗತಿಯ ಐಶ್ವರ್ಯಳದು.

ಐಶ್ವರ್ಯಳಿಗೆ ಆಟಿಸಂ ಇದೆ. ಮಾತು ಕಡಿಮೆ, ಗದ್ದಲವೆಂದರೆ ಆಗದು. ದುರ್ಗಾದೇವಿ ದಿನಾ ಬಡಿಸುವುದು ಇನ್ನೂರು ಮಕ್ಕಳಿಗೆ. ಆ ಸಾಲು ಕಂಡರೆ ಸಾಕು, ಹುಡುಗಿ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ತಾಯಿ ಹೇಮಾವತಿ ಕೂಲಿ ಬಿಟ್ಟು ಶಾಲೆಯ ಕಟ್ಟೆ ಕಾಯುತ್ತಿದ್ದರು. ಹೀಗೇ ಆದರೆ ಮಗಳನ್ನು ಶಾಲೆ ಬಿಡಿಸುವುದೇ ಸೈ ಎಂದು ಅವರು ಅತ್ತದ್ದೂ ಇದೇ ಅಡುಗೆಕೋಣೆಯಲ್ಲಿ.

ಕೊಪ್ಪಳದಿಂದ ವಾರಕ್ಕೊಮ್ಮೆ ಬರುವ ವಿಶೇಷ ಶಿಕ್ಷಕಿ ನಾಹೀದಾ ದಾರಿ ತೋರಿಸಿದರು. ಊಟವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯಿರಿ, ಒಂದೊಂದು ಮಾಡಿದಾಗಲೂ ಅವಳಿಗೆ ಇಷ್ಟವಾದದ್ದು ಕೊಡಿ ಎಂದರು. ಅವಳಿಗೆ ಇಷ್ಟ, ಮುಚ್ಚಳ ತಿರುಗಿಸುವುದು. ದುರ್ಗಾದೇವಿ ಅವಳನ್ನು ಸಾಲಿನಿಂದ ದೂರ ಕೂರಿಸಿ, ಮೊಣಕೈ ಹಿಡಿದು ತುತ್ತೆತ್ತಿಸಿದರು. ತುತ್ತು ತುತ್ತಿಗೂ ಮುಚ್ಚಳ ಗಿರ್ರನೆ ತಿರುಗಿತು, ಮಗು ಉಂಡಿತು.

ಎಡವಿದ್ದು ಆಮೇಲೆ. ಹಿಡಿತ ದಿನೇ ದಿನೇ ಸಡಿಲಿಸಿ ಎಂದು ನಾಹೀದಾ ಹೇಳಿದ್ದರೂ ದುರ್ಗಾದೇವಿಗೆ ಮನಸ್ಸೇ ಬರಲಿಲ್ಲ. ಇವರು ಮದುವೆಗೆಂದು ಯಲಬುರ್ಗಾಕ್ಕೆ ಹೋದ ದಿನ, ಐಶ್ವರ್ಯ ತುಂಬಿದ ತಟ್ಟೆಯ ಮುಂದೆ ಮೊಣಕೈ ಚಾಚಿಕೊಂಡು ಕೂತೇ ಇದ್ದಳಂತೆ. ಹಸಿದೇ ಮನೆಗೆ ಹೋದಳು.

"ಕೂಸು ಉಪಾಸ ಇದ್ದದ್ದು ನನ್ನ ಸಲುವಾಗ್ರಿ," ಎನ್ನುತ್ತಾರೆ ದುರ್ಗಾದೇವಿ. "ನಾ ಅಕಿಗೆ ಉಣ್ಣೋದು ಕಲಿಸಿದ್ದಿಲ್ಲ. ನನ್ನ ಕೈಗೆ ಕಾಯೋದು ಕಲಿಸಿದ್ದೆ."

ಆಮೇಲೆ ಹಿಡಿತ ಹೋಗಿ ಬೆರಳು ತಾಗಿಸುವುದಾಯಿತು, ಅದೂ ಹೋಗಿ ಬರೀ ಸನ್ನೆಯಾಯಿತು. ಕೊನೆಗೆ ಒಲೆಯ ಬಳಿ ನಿಂತು, ಕೈ ತಾನಾಗಿ ಮುಂದೆ ಹೋಗದಂತೆ ಬೆನ್ನ ಹಿಂದೆ ಕಟ್ಟಿಕೊಂಡರು. ಡ್ರಿಲ್ ಪಿರಿಯಡ್ಡಿನ ವಿಶ್ರಾಮ್ ಎಂದು ದೊಡ್ಡ ಹುಡುಗರು ನಕ್ಕರು. ನಗಲಿ ಬಿಡಿ. ಆ ತಟ್ಟೆ ಖಾಲಿಯಾಗುವವರೆಗೆ ಇವರ ಜೀವ ಕೈಯಲ್ಲಿರುತ್ತಿತ್ತು.

ಹೇಮಾವತಿ ಈಗ ಮತ್ತೆ ಕೂಲಿಗೆ ಹೋಗುತ್ತಿದ್ದಾರೆ. ಕಳೆದ ವಾರ ದುರ್ಗಾದೇವಿ ಬೇಕೆಂದೇ ರಜೆ ಹಾಕಿ ಯಲಬುರ್ಗಾದ ತಂಗಿಯ ಮನೆಗೆ ಹೋದರು. ತಂಗಿ ಎಷ್ಟು ಕರೆದರೂ ಊಟಕ್ಕೆ ಏಳದೆ ಫೋನು ಹಿಡಿದೇ ಕೂತರು. ಶಾಲೆಯಲ್ಲಿ ಜೊತೆಗೆ ಅಡುಗೆ ಮಾಡುವ ಅನುಸೂಯಾ ಕಡೆಗೂ ಫೋನ್ ಮಾಡಿದರು.

"ಎಲ್ಲಾ ಉಂಡಾಳಂತ್ರಿ. ನಾ ನಿಲ್ಲೋ ಒಲಿ ಕಡಿ ತಿರುಗೀನೂ ನೋಡ್ಲಿಲ್ಲಂತ." ಮುಚ್ಚಳವನ್ನು ಮತ್ತೊಮ್ಮೆ ಒರೆಸುತ್ತ ದುರ್ಗಾದೇವಿ ನಗುತ್ತಾರೆ. "ಆಮ್ಯಾಲ ನಾನೂ ಹೊಟ್ಟಿ ತುಂಬ ಉಂಡೆ ನೋಡ್ರಿ."