ಬಡಿದಷ್ಟೂ ಮುಚ್ಚಿದ ಬಾಗಿಲು

ಕುಡಿಯುವ ನೀರಿನ ದೂರುಗಳನ್ನು ಫೋಟೊ ಸಮೇತ ತೋರಿಸುವ ನಮ್ಮ ಹೋರಾಟ ಸಮಿತಿಯ ವೆಬ್‌ಸೈಟ್ ತಾಲ್ಲೂಕು ಕಚೇರಿಯ ಮಧ್ಯಾಹ್ನದ ಸಭೆಗೆ ಮುಂಚೆ ತೆರೆಯಬೇಕಿತ್ತು. ಸರಗೂರಿನ ಟೀ ಅಂಗಡಿಯಲ್ಲಿ ಕೂತು, ಅದನ್ನು ದೂರದ ಸರ್ವರ್‌ಗೆ ತಾನಾಗಿ ಏರಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್ ಓಡಿಸಿದೆ. ನಾನೇ ಬರೆದದ್ದು, ನನ್ನ ಹಾಗೆಯೇ ಬಾಗಿಲು ತೆರೆಯುವ ತನಕ ಬಡಿಯುತ್ತದೆ. ಪಾಸ್‌ವರ್ಡ್ ತಪ್ಪಿತ್ತು. ಅದರಿಂದಲೇ ಮತ್ತೆ ಮತ್ತೆ ಬಡಿದದ್ದಕ್ಕೆ ಸರ್ವರ್ ನನ್ನನ್ನು ಕಳ್ಳನೆಂದುಕೊಂಡಿತು. ಪಾಸ್‌ವರ್ಡ್ ಸರಿಮಾಡಿದರೂ ಒಳಗೆ ಬಿಡಲಿಲ್ಲ. ಲ್ಯಾಪ್‌ಟಾಪ್‌ಗೆ ಜೋರಾಗಿ ಬೈಯತೊಡಗಿದೆ.

"ಏನ್ ಸಾ, ಕಂಪ್ಯೂಟರ್‌ಗೂ ಧಿಕ್ಕಾರ ಕೂಗ್ತಿದ್ದೀರಾ?" ಎಂದರು ಅಂಗಡಿಯ ಮಾದಮ್ಮ.

"ಅರ್ಧ ಗಂಟೆ ತಂಟೆ ಮಾಡ್ದೆ ಸುಮ್ನಿದ್ರೆ ಬಿಡ್ತದಂತೆ ಕಣಮ್ಮ."

"ಅಂಗಾದ್ರೆ ಅದು ನಿಮ್ಮ ಕೈಲಿ ಆಗದ ಕೆಲ್ಸ, ಬುಡಿ!"

ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂತೆ. ಮತ್ತೆ ಓಡಿಸಿದಾಗ ಒಂದೇ ಏಟಿಗೆ ವೆಬ್‌ಸೈಟ್ ತೆರೆಯಿತು. ಸಭೆಯಲ್ಲಿ ತಹಶೀಲ್ದಾರ್ ಸಾಹೇಬರು ಒಂದೊಂದೇ ಫೋಟೊ ನೋಡಬೇಕಾಯಿತು.

ಸುಮ್ಮನಿದ್ದರೂ ಕೆಲಸ ಆಗುತ್ತದೆ ಎನ್ನುವುದನ್ನು ಮಾತ್ರ ದಯವಿಟ್ಟು ತಾಲ್ಲೂಕು ಕಚೇರಿಯವರಿಗೆ ಯಾರೂ ಹೇಳಬೇಡಿ.